ಗೆಲಿಲಿಯೊನನ್ನು ಯಾರೂ ಸುಡಲಿಲ್ಲ

ಖಗೋಳ ವಿಜ್ಞಾನದ ಬಗ್ಗೆ ಎಲ್ಲೇ ಮಾತಾಡಲು ಹೋಗಲಿ, ಕೊನೆಯಲ್ಲಿ ಒಬ್ಬರಾದರೂ ಎದ್ದು ಹೇಳುತ್ತಾರೆ: ‘ಭೂಮಿ ಗುಂಡಗಿದೆ ಅಂದಿದ್ದಕ್ಕೆ ಗೆಲಿಲಿಯೊನನ್ನ ಸುಟ್ಟುಬಿಟ್ರಲ್ಲ ಸಾರ್!’ ವಿಜ್ಞಾನದ ಮೇಷ್ಟ್ರುಗಳೇ ಹೀಗೆನ್ನುವಾಗ ಸಂಕಟವಾಗುತ್ತದೆ. 1600ರಲ್ಲಿ ರೋಮಿನಲ್ಲಿ ಸುಟ್ಟದ್ದು ಜಿಯೊರ್ಡಾನೊ ಬ್ರೂನೊನನ್ನು. ಗೆಲಿಲಿಯೊ 1642ರಲ್ಲಿ, ಫ್ಲಾರೆನ್ಸ್ ಹತ್ತಿರದ ಆರ್ಚೆಟ್ರಿಯಲ್ಲಿ, ಗೃಹಬಂಧನದಲ್ಲಿದ್ದಾಗ ತೀರಿಕೊಂಡ. ಭೂಮಿ ಗುಂಡಗಿದೆ ಎಂಬುದಕ್ಕೆ ಪಾದ್ರಿಗಳ ತಕರಾರೂ ಇರಲಿಲ್ಲ.

ಇಷ್ಟನ್ನು ಹೇಳಿದರೆ ಒಪ್ಪುತ್ತಾರೆ. ಒಪ್ಪದ್ದು ಇನ್ನೊಂದಿದೆ. ಭೂಮಿ ಸೂರ್ಯನನ್ನು ಸುತ್ತುವುದು ದೂರದರ್ಶಕದಲ್ಲಿ ಸಾಬೀತಾಗಿತ್ತು, ಚರ್ಚ್ ಕಣ್ಣು ಮುಚ್ಚಿಕೊಂಡಿತು ಎಂಬ ನಂಬಿಕೆ. ಕಂಡದ್ದಾದರೂ ಏನು? 1610ರ ಕೊನೆಯ ತಿಂಗಳುಗಳಲ್ಲಿ ಗೆಲಿಲಿಯೊ ಶುಕ್ರನನ್ನು ನೋಡುತ್ತಾ ಬಂದ. ಚಂದ್ರನಂತೆ ಅದಕ್ಕೂ ವೃದ್ಧಿ-ಕ್ಷಯ: ತುಂಬು ಬಿಂಬವಾಗಿದ್ದಾಗ ಪುಟ್ಟದು, ಕುಡುಗೋಲಿನಂತೆ ಬಾಗಿದಾಗ ದೊಡ್ಡದು. ಸೂರ್ಯನನ್ನು ಸುತ್ತದ ಗ್ರಹ ಹೀಗೆ ಕಾಣದು. ಭೂಮಿಯೇ ನಡುವೆ, ಸೂರ್ಯ-ಗ್ರಹಗಳೆಲ್ಲ ಅದರ ಸುತ್ತ ಎಂಬ ಟಾಲೆಮಿಯ ವ್ಯವಸ್ಥೆ ಅಲ್ಲಿಗೆ ಮುಗಿಯಿತು. ಆದರೆ, ದಯವಿಟ್ಟು ಇದನ್ನು ನಿಧಾನವಾಗಿ ಓದಿ, ಭೂಮಿ ಚಲಿಸುತ್ತದೆ ಎಂದು ಅದರಿಂದ ಸಾಬೀತಾಗಲಿಲ್ಲ. ಟೈಕೊ ಬ್ರಾಹೆಯ ವ್ಯವಸ್ಥೆಯಲ್ಲಿ ಗ್ರಹಗಳು ಸೂರ್ಯನ ಸುತ್ತ, ಸೂರ್ಯ ಮಾತ್ರ ನಿಶ್ಚಲ ಭೂಮಿಯ ಸುತ್ತ. ಅಲ್ಲೂ ಶುಕ್ರ ಹೀಗೆಯೇ ಕಾಣುತ್ತಾನೆ. ಕ್ಯಾಥೊಲಿಕ್ ಪಾದ್ರಿಗಳ ಸಂಘವಾದ ಜೆಸ್ವಿಟ್‌ಗೆ ಸೇರಿದ ರೋಮಿನ ಖಗೋಳಜ್ಞರು ಶುಕ್ರನ ಈ ವೃದ್ಧಿ-ಕ್ಷಯವನ್ನು ತಾವೇ ನೋಡಿ ದೃಢಪಡಿಸಿದ್ದರು. ಮುಂದೆ ಜೆಸ್ವಿಟರಲ್ಲಿ ಹಲವರು ಟೈಕೊ ಕಡೆ ವಾಲಿದರು.

‘ಹಾಗಾದ್ರೆ ನಕ್ಷತ್ರ ನೋಡಿ ತೀರ್ಮಾನ ಮಾಡಬಹುದಿತ್ತಲ್ವಾ ಸಾರ್?’ ಎಂದು ಹೈಸ್ಕೂಲಿನ ಹುಡುಗಿಯೊಬ್ಬಳು ಕೇಳಿದ್ದಳು. ಬಂಗಾರದಂಥ ಪ್ರಶ್ನೆ. ಭೂಮಿ ಸುತ್ತುತ್ತಿದ್ದರೆ ಆರು ತಿಂಗಳಲ್ಲಿ ಹತ್ತಿರದ ನಕ್ಷತ್ರ ಪಕ್ಕಕ್ಕೆ ಸರಿದಂತೆ ಕಾಣಬೇಕು. ಅಂದು ಯಾರಿಗೂ ಕಾಣಲಿಲ್ಲ. 1838ರಲ್ಲಿ ಜರ್ಮನ್ ಖಗೋಳಜ್ಞ ಬೆಸೆಲ್ ಅಳೆದಾಗ ಆ ಸರಿದಾಟ ಒಂದು ಡಿಗ್ರಿಯ ಐದು ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ! ಗೆಲಿಲಿಯೊ ತನ್ನ ಬಲವಾದ ಪುರಾವೆ ಎಂದುಕೊಂಡಿದ್ದು ಸಮುದ್ರದ ಉಬ್ಬರವಿಳಿತವನ್ನು. ಅದಕ್ಕೆ ಭೂಚಲನೆಯೇ ಕಾರಣ, ಚಂದ್ರನಲ್ಲ ಎಂದು ವಾದಿಸಿದ. ಆ ವಾದ ತಪ್ಪಾಗಿತ್ತು.

ನಾನು ಚರ್ಚ್ ಪರ ವಕಾಲತ್ತು ವಹಿಸುತ್ತಿಲ್ಲ. ನಿಜವಾದ ಪುರಾವೆ ಸಿಕ್ಕರೆ ಧರ್ಮಗ್ರಂಥದ ಅರ್ಥವನ್ನೇ ಎಚ್ಚರದಿಂದ ಮರುಪರಿಶೀಲಿಸಬೇಕಾದೀತು ಎಂದು ಕಾರ್ಡಿನಲ್ ಬೆಲ್ಲಾರ್ಮಿನ್ 1615ರಲ್ಲಿ ಬರೆದಿದ್ದರು. ನ್ಯಾಯವಾದ ಮಾತು. ಆದರೆ ಮರುವರ್ಷವೇ, ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದಿದ್ದ ಕೊಪರ್ನಿಕಸ್ ಪುಸ್ತಕಕ್ಕೆ ‘ತಿದ್ದುವವರೆಗೆ’ ತಡೆ ಬಿತ್ತು. 1632ರ ತನ್ನ ಪುಸ್ತಕದಲ್ಲಿ ಗೆಲಿಲಿಯೊ ಪೋಪ್ ಎಂಟನೆಯ ಅರ್ಬನ್‌ರ ವಾದವನ್ನು ಪೆದ್ದನಂತೆ ಕಾಣುವ ಸಿಂಪ್ಲಿಚಿಯೊ ಎಂಬ ಪಾತ್ರದ ಬಾಯಲ್ಲಿ ಹೇಳಿಸಿದ. ಪೋಪ್ ಕೋಪಕ್ಕೆ ಅದೆಷ್ಟು ಕಾರಣವಾಯಿತೋ, ಇತಿಹಾಸಕಾರರಲ್ಲಿ ಒಮ್ಮತವಿಲ್ಲ. 1633ರ ಜೂನ್ 22ರಂದು 69ರ ಮುದುಕನನ್ನು ಮಂಡಿಯೂರಿಸಿ, ಭೂಚಲನೆಯ ಮಾತನ್ನು ಶಪಿಸಿ ಕೈಬಿಡುತ್ತೇನೆ ಎಂದು ಓದಿಸಿದರು. ಸಾಕ್ಷ್ಯ ಸಾಲದು ಎಂದು ವಾದಿಸುವ ಹಕ್ಕು ಚರ್ಚಿಗಿತ್ತು. ಹುಡುಕುವವನ ಬಾಯಿ ಮುಚ್ಚಿಸಿದ್ದೇ ಅನ್ಯಾಯ.

ಕೊಪರ್ನಿಕಸ್, ಗೆಲಿಲಿಯೊ ಇಬ್ಬರ ಆ ಪುಸ್ತಕಗಳೂ ಚರ್ಚಿನ ನಿಷೇಧಿತ ಪುಸ್ತಕಗಳ ಪಟ್ಟಿಯಿಂದ ಮಾಯವಾದದ್ದು 1835ರ ಆವೃತ್ತಿಯಲ್ಲಿ, ಬೆಸೆಲ್ ಅಳತೆಗೆ ಮೂರು ವರ್ಷ ಮೊದಲು.