ಜಪಾನೀ ಪ್ರಿವೆಟ್: ಗುರುತು, ನಾಟಿ, ಸವರುವಿಕೆ

ಜಪಾನೀ ಪ್ರಿವೆಟ್, ಅಂದರೆ ಲಿಗಸ್ಟ್ರಮ್ ಜಪಾನಿಕಮ್, ಜಪಾನ್, ಕೊರಿಯಾ ಮೂಲದ ನಿತ್ಯಹರಿದ್ವರ್ಣ ಪೊದೆ. ಮಲ್ಲಿಗೆಯೂ ಇರುವ ಓಲಿಯೇಸಿ ಕುಟುಂಬದ್ದು. ಎಲೆಗಳು ಎದುರುಬದುರು ಜೋಡಿಯಾಗಿ ಮೂಡುತ್ತವೆ. ಬಿಳಿ ಹೂವಿಗೆ ನಾಲ್ಕು ಎಸಳು, ಎರಡೇ ಕೇಸರ. ಸಾಮಾನ್ಯವಾಗಿ 2ರಿಂದ 4 ಮೀಟರ್ ಬೆಳೆಯುತ್ತದೆ.

ಕಲಿಯುವವರು ಎಡವುವುದು ಗುರುತಿನಲ್ಲೇ. ಲಿಗಸ್ಟ್ರಮ್ ಲ್ಯೂಸಿಡಮ್ ಎಂಬ ಚೀನೀ ಪ್ರಿವೆಟ್ ಸಸಿಯಾಗಿದ್ದಾಗ ಥೇಟ್ ಇದರಂತೆಯೇ ಕಾಣುತ್ತದೆ, ಆದರೆ ಅದು 10 ಮೀಟರ್ ದಾಟುವ ಮರ. ಒಂದು ಬಲಿತ ಎಲೆ ಕಿತ್ತು ಬೆಳಕಿಗೆ ಹಿಡಿದು ನೋಡಿ. ನರಗಳು ಬೆಳಕು ಬಿಟ್ಟುಕೊಂಡು ತಿಳಿಯಾಗಿ ಕಂಡರೆ ಅದು ಲ್ಯೂಸಿಡಮ್. ಜಪಾನಿಕಮ್ ಎಲೆ ದಪ್ಪ. ನಡುನರ ಬಿಟ್ಟರೆ ಉಳಿದವು ಕಾಣುವುದೇ ಕಷ್ಟ. ಹಣ್ಣು ಬಿಟ್ಟಿದ್ದರೆ ಇನ್ನೂ ಸುಲಭ: ಜಪಾನಿಕಮ್‌ನದು ಉದ್ದುದ್ದ, ಲ್ಯೂಸಿಡಮ್‌ನದು ಹೆಚ್ಚುಕಡಿಮೆ ಗುಂಡು. ಈ ಪರೀಕ್ಷೆ ಮಾಡದೆ ಬೇಲಿ ಸಾಲು ನೆಡಬೇಡಿ. ಹಕ್ಕಿಗಳು ಬೀಜ ಹರಡಿ ಲ್ಯೂಸಿಡಮ್ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅರ್ಜೆಂಟೀನಾಗಳಲ್ಲಿ ಕಾಡಿಗೆ ನುಗ್ಗಿ ಕಳೆಯಾಗಿದೆ.

ಸಸಿ ಮಾಡಲು ಅರೆಬಲಿತ ಕಡ್ಡಿಯೇ ಬೇಕು, ಅಂದರೆ ತುದಿ ಬಾಗುವ ಆದರೆ ಬುಡ ಗಟ್ಟಿಯಾಗಿರುವ ಚಿಗುರು. 10ರಿಂದ 12 ಸೆಂ.ಮೀ. ಉದ್ದಕ್ಕೆ, ಗೆಣ್ಣಿನ ಕೆಳಗೆ ಕತ್ತರಿಸಿ. ಕೆಳಗಿನ ಎಲೆ ತೆಗೆದು, ಶೇ. 0.3ರ ಐಬಿಎ (ಬೇರು ಬರಿಸುವ ಹಾರ್ಮೋನು) ಪುಡಿಯಲ್ಲಿ ಬುಡ ಅದ್ದಿ, ಸಮಪ್ರಮಾಣದ ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಮತ್ತು ತೆಂಗಿನ ನಾರಿನ ಪುಡಿಯಲ್ಲಿ ಊರಿ. ಎಲೆಗೆ ತೇವ ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಬುಡ ಕಪ್ಪಾಗುತ್ತಿದ್ದರೆ ಕಾರಣ ನೀರು ಹೆಚ್ಚಾದದ್ದು. ಕಡ್ಡಿ ಬಾಡಿ ಜೋತರೆ ಅದು ತೀರಾ ಎಳೆಯದಿತ್ತು ಎಂದರ್ಥ.

ಬೇಲಿಗೆ ಗಿಡದಿಂದ ಗಿಡಕ್ಕೆ 60ರಿಂದ 90 ಸೆಂ.ಮೀ. ಅಂತರ ಸಾಕು. ಬಿಸಿಲು, ಅರೆನೆರಳು ಎರಡೂ ಒಗ್ಗುತ್ತವೆ. ಮಣ್ಣಿನ ಬಗ್ಗೆ ಹಟವಿಲ್ಲ. ಜೌಗು ಮಾತ್ರ ಆಗದು, ಬೇರು ಕೊಳೆಯುತ್ತದೆ.

ಸವರುವಿಕೆಗೆ ಹೆಚ್ಚು ಗಮನ ಕೊಡಿ, ಬೇಲಿ ಕೆಡುವುದು ಬಹುಪಾಲು ಇಲ್ಲೇ. ಎರಡೂ ಬದಿ ನೆಟ್ಟಗೆ ಕತ್ತರಿಸುತ್ತಾ ಹೋದರೆ ಮೇಲ್ಭಾಗ ಬೇಗ ಬೆಳೆದು ಅಗಲವಾಗುತ್ತದೆ, ಅದರ ನೆರಳಿಗೆ ಕೆಳಗಿನ ಎಲೆ ಉದುರಿ ಬುಡ ಬೋಳಾಗುತ್ತದೆ. ಬುಡದ ಅಗಲ 90 ಸೆಂ.ಮೀ. ಇದ್ದರೆ ನೆತ್ತಿಯ ಅಗಲ 60 ಸೆಂ.ಮೀ.ಗೆ ಇಳಿಸಿ, ಆಗ ಕೆಳಗಿನವರೆಗೂ ಬೆಳಕು ಬೀಳುತ್ತದೆ. ಬರೀ ಹೊರಮೈ ಕತ್ತರಿಸುತ್ತಿದ್ದರೆ ಒಳಗೆ ಒಣ ಕಡ್ಡಿಗಳ ಗೂಡು ಉಳಿಯುತ್ತದೆ, ಹೀಗಾಗಿ ಆಗಾಗ ಕೆಲವು ಕೊಂಬೆ ಒಳಗಿನಿಂದಲೇ ತೆಗೆಯಿರಿ. ಬೋಳಾದ ಬೇಲಿಯನ್ನು ಒಮ್ಮೆಗೇ ನೆಲಮಟ್ಟಕ್ಕೆ ಕಡಿಯುವ ಬದಲು ವರ್ಷಕ್ಕೆ ಮೂರನೇ ಒಂದು ಪಾಲು ಹಳೆ ಕೊಂಬೆ ತೆಗೆದರೆ ಮೂರು ವರ್ಷದಲ್ಲಿ ಹೊಸತಾಗುತ್ತದೆ, ನಡುವೆ ಮರೆಯೂ ಉಳಿಯುತ್ತದೆ.

ಕತ್ತರಿ ಹಾಕುವ ಹೊತ್ತು ಹೂ ಮುಗಿದ ಕೂಡಲೇ, ಕಾಯಿ ಬಲಿಯುವ ಮೊದಲು. ಇದರಿಂದ ಹಕ್ಕಿಗಳ ಮೂಲಕ ಬೀಜ ಹರಡುವುದೂ ತಪ್ಪುತ್ತದೆ. ಕಪ್ಪುನೀಲಿ ಹಣ್ಣು ಮನುಷ್ಯರಿಗೆ, ನಾಯಿಗಳಿಗೆ ವಿಷ. ಮಕ್ಕಳು ಆಡುವ ಕಡೆ ಕಾಯಿಗೊಂಚಲು ಉಳಿಸಲೇಬೇಡಿ.

ಎಲೆ ಮೇಲೆ ಮಸಿಯಂಥ ಬೂಷ್ಟು ಕಂಡರೆ ಎಲೆ ಮಗುಚಿ ನೋಡಿ. ಅಲ್ಲಿ ಬಿಳಿನೊಣವೋ ಶಲ್ಕಕೀಟವೋ ಇರುತ್ತದೆ. ಬೂಷ್ಟು ಬೆಳೆಯುವುದು ಅವು ಸುರಿಸುವ ಸಿಹಿ ಅಂಟಿನ ಮೇಲೆ.