ಕಲಿತದ್ದು ಕೈಯಲ್ಲ

ಈ ಸಾಲನ್ನು ಓದುತ್ತಲೇ ತಲೆಯನ್ನು ಎಡಕ್ಕೂ ಬಲಕ್ಕೂ ಬೇಗ ಬೇಗ ಆಡಿಸಿ. ಓದಲು ಆಗುತ್ತದೆ, ಅಲ್ವಾ? ಈಗ ತಲೆಯನ್ನು ಸುಮ್ನೆ ಇಟ್ಟು, ಫೋನನ್ನು ಅಷ್ಟೇ ಜೋರಾಗಿ ಅಲುಗಾಡಿಸಿ. ಅಕ್ಷರಗಳೆಲ್ಲ ಕಲಸಿಹೋಗುತ್ತವೆ.

ತಲೆ ಬಲಕ್ಕೆ ತಿರುಗಿದರೆ ಒಳಕಿವಿಗೆ ಅದು ತಕ್ಷಣ ಗೊತ್ತಾಗುತ್ತದೆ. ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ ಕಣ್ಣುಗುಡ್ಡೆ ಎಡಕ್ಕೆ ಅಷ್ಟೇ ತಿರುಗಿರುತ್ತದೆ. ಕಣ್ಣಿನಿಂದ ನೋಡಿ, ಆಮೇಲೆ ತಿದ್ದಿಕೊಳ್ಳುವುದಾದರೆ ಇದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಬೇಕು. ಆದರೆ 'ಅಷ್ಟೇ' ಅಂದರೆ ಎಷ್ಟು? ಹೊಸ ಕನ್ನಡಕ ಹಾಕಿಕೊಂಡವರನ್ನು ಕೇಳಿ. ಗಾಜು ನೋಟವನ್ನು ಕೊಂಚ ಹಿಗ್ಗಿಸಿದರೂ ಕುಗ್ಗಿಸಿದರೂ ಹಳೇ ಲೆಕ್ಕ ತಪ್ಪುತ್ತದೆ. ತಲೆ ತಿರುಗಿಸಿದಾಗ ನೆಲವೇ ತೇಲಿದಂತೆ ಅನ್ನಿಸುತ್ತದೆ. ಕೆಲವು ದಿನ ಕಳೆದರೆ ಎಲ್ಲ ಸರಿ. ಆ ಲೆಕ್ಕ ತಿದ್ದಿದ್ದು ತಲೆಯ ಹಿಂಬದಿಯಲ್ಲಿ, ಕತ್ತಿನ ಸ್ವಲ್ಪ ಮೇಲೆ ಕೂತಿರುವ ಕಿರುಮೆದುಳು. ಪಠ್ಯಪುಸ್ತಕದಲ್ಲಿ ಇದರ ಹೆಸರು ಅನುಮಸ್ತಿಷ್ಕ.

ನನಗೆ ರೇಗುವುದು 'ಮಸಲ್ ಮೆಮೊರಿ' ಎಂಬ ಮಾತು ಕೇಳಿದಾಗ. ಸೈಕಲ್ ನೆನಪಿಟ್ಟುಕೊಂಡದ್ದು ಕಾಲಂತೆ, ಟೈಪಿಂಗ್ ನೆನಪಿಟ್ಟುಕೊಂಡದ್ದು ಬೆರಳಂತೆ! ಹಾಳೆಯ ಮೇಲೆ ಸಹಿ ಹಾಕುವಾಗ ಆಡುವುದು ಬೆರಳು. ಗೋಡೆಯ ಕಪ್ಪುಹಲಗೆಯ ಮೇಲೆ ಅದನ್ನೇ ದೊಡ್ಡದಾಗಿ ಬರೆದರೆ ಆಡುವುದು ಮೊಣಕೈ ಮತ್ತು ಭುಜ. ಸ್ನಾಯುಗಳೇ ಬೇರೆ. ಆದರೂ ನೋಡಿದವರು ಅದು ನಿಮ್ಮದೇ ಸಹಿ ಅನ್ನುತ್ತಾರೆ.

ಚಲನೆಯ ಲೆಕ್ಕ ಸ್ನಾಯುವಿನದಲ್ಲ, ಕಿರುಮೆದುಳಿನದು ಎಂಬುದು ಹೊಸ ತಿಳಿವಳಿಕೆಯೇನಲ್ಲ. ಫ್ರಾನ್ಸಿನ ವಿಜ್ಞಾನಿ ಫ್ಲೂರಾನ್ಸ್ 1824ರಲ್ಲೇ ಪಾರಿವಾಳಗಳ ಕಿರುಮೆದುಳನ್ನು ಪದರ ಪದರವಾಗಿ ತೆಗೆದು ನೋಡಿದ್ದ. ಕ್ರೂರ ಪ್ರಯೋಗವೇ. ಹಕ್ಕಿಗೆ ಕಣ್ಣು ಕಾಣುತ್ತಿತ್ತು, ಕಿವಿ ಕೇಳುತ್ತಿತ್ತು, ರೆಕ್ಕೆಯೂ ಬಡಿಯುತ್ತಿತ್ತು. ಆದರೆ ನಡಿಗೆ ಕುಡಿದವರ ನಡಿಗೆಯಂತೆ. ಬಲ ಇತ್ತು, ಹೊಂದಾಣಿಕೆ ಇರಲಿಲ್ಲ. ಮುಂದೆ ಮೊದಲ ಮಹಾಯುದ್ಧದಲ್ಲಿ ತಲೆಗೆ ಗುಂಡು ತಗುಲಿದ ಸೈನಿಕರನ್ನು ಪರೀಕ್ಷಿಸಿದ ವೈದ್ಯ ಗಾರ್ಡನ್ ಹೋಮ್ಸ್, ಕಿರುಮೆದುಳಿಗೆ ಪೆಟ್ಟಾದ ರೋಗಿಯೊಬ್ಬನ ಅನುಭವವನ್ನು ಬರೆದಿಟ್ಟಿದ್ದಾರೆ. ಅವನ ಎಡಗೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಬಲಗೈಯ ಪ್ರತಿಯೊಂದು ಚಲನೆಯನ್ನೂ ಅವನು ಯೋಚಿಸಿ ಯೋಚಿಸಿ ಮಾಡಬೇಕಿತ್ತು.

ತೂಕದಲ್ಲಿ ಕಿರುಮೆದುಳು ಇಡೀ ಮೆದುಳಿನ ಹತ್ತನೇ ಒಂದು ಪಾಲು ಮಾತ್ರ. ಆದರೆ ನಮ್ಮ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಇಲ್ಲೇ ಇವೆ. ನನಗೆ ಇದರಲ್ಲಿ ತುಂಬ ಇಷ್ಟವಾದದ್ದು ಪುರ್ಕಿಂಜೆ ಕೋಶ ಎಂಬ ನರಕೋಶ. 1837ರಲ್ಲಿ ಅದನ್ನು ವರ್ಣಿಸಿದವನ ಹೆಸರೇ ಅದಕ್ಕೆ ಉಳಿದಿದೆ. ನೋಡಲು ಪುಸ್ತಕದ ಹಾಳೆಗಳ ನಡುವೆ ಒತ್ತಿಟ್ಟ ಗಿಡದಂತೆ ಚಪ್ಪಟೆ. ಅದರ ಕೊಂಬೆಗಳಿಗೆ ಲಕ್ಷಕ್ಕೂ ಹೆಚ್ಚು ಸಣ್ಣ ಎಳೆಗಳು ಸುದ್ದಿ ತರುತ್ತವೆ: ಕೈ ಎಲ್ಲಿದೆ, ಎಷ್ಟು ವೇಗದಲ್ಲಿದೆ, ಈಗಷ್ಟೇ ಯಾವ ಆಜ್ಞೆ ಹೋಯಿತು. ಇವೆಲ್ಲದರ ಜೊತೆ ಒಂದೇ ಒಂದು ಬೇರೆ ಎಳೆ, ಬಳ್ಳಿಯಂತೆ ಕೋಶವನ್ನು ತಬ್ಬಿಕೊಂಡಿರುತ್ತದೆ. ಸೆಕೆಂಡಿಗೆ ಸರಾಸರಿ ಒಂದು ಸಲ ಮಾತಾಡುತ್ತದೆ. ಅದು ಹೇಳುವುದು, 'ತಪ್ಪಾಯಿತು'.

ಆಗ, ಸ್ವಲ್ಪ ಮೊದಲು ಸುದ್ದಿ ತಂದಿದ್ದ ಎಳೆಗಳ ಮೇಲೆ ಪರಿಣಾಮವಾಗುತ್ತದೆ. ಅವು ಬಲವಾಗುತ್ತವೆ ಎಂದು 1969ರಲ್ಲಿ ಊಹಿಸಿದ ಬ್ರಿಟಿಷ್ ವಿಜ್ಞಾನಿ ಡೇವಿಡ್ ಮಾರ್‌ಗೆ ಆಗ 24 ವರ್ಷ. ಇಲ್ಲ, ದುರ್ಬಲವಾಗುತ್ತವೆ ಎಂದರು ಅಮೆರಿಕದ ಜೇಮ್ಸ್ ಆಲ್ಬಸ್, 1971ರಲ್ಲಿ. 1982ರಲ್ಲಿ ಜಪಾನಿನ ಮಸಾವೊ ಇಟೊ ತಂಡ ಪ್ರಯೋಗ ಮಾಡಿದಾಗ ಆಲ್ಬಸ್ ಮಾತೇ ನಿಜವಾಯಿತು.

ದುರ್ಬಲವಾಗಿ ಏನು ಲಾಭ? ಇಲ್ಲೇ ಇರುವುದು ಮಜಾ. ಪುರ್ಕಿಂಜೆ ಕೋಶಕ್ಕೆ 'ಬೇಡ' ಎನ್ನುವುದು ಬಿಟ್ಟು ಬೇರೆ ಮಾತೇ ಬರುವುದಿಲ್ಲ. ಸೆಕೆಂಡಿಗೆ ಹತ್ತಾರು ಸಲ ಬೇಡ, ಬೇಡ ಅನ್ನುತ್ತಲೇ ಇರುತ್ತದೆ. ಸುದ್ದಿ ತರುವ ಎಳೆ ದುರ್ಬಲವಾದರೆ ಈ 'ಬೇಡ' ತಗ್ಗುತ್ತದೆ. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸಿದ ಗಾಡಿ ಅನ್ನಿ. ಹೊರಡಲು ಯಾರೂ ತಳ್ಳಬೇಕಿಲ್ಲ, ಬ್ರೇಕ್ ಸಡಿಲಿಸಿದರೆ ಸಾಕು. ಅಥವಾ ಕೆರೆಯ ತೂಬು ಅನ್ನಿ. ನೀರು ಒತ್ತುತ್ತಲೇ ಇದೆ, ಯಾವಾಗ ಎತ್ತಬೇಕು, ಎಷ್ಟು ಎತ್ತಬೇಕು ಎನ್ನುವುದೇ ವಿದ್ಯೆ. ಪ್ರಯೋಗದಲ್ಲಿ ಪ್ರಾಣಿಯೊಂದಕ್ಕೆ ಸದ್ದು ಕೇಳಿಸಿ, ಅರ್ಧ ಸೆಕೆಂಡಿನ ನಂತರ ಕಣ್ಣಿಗೆ ಗಾಳಿ ಊದಿದರೆ, ನೂರಾರು ಸಲದ ಬಳಿಕ ಅದು ಗಾಳಿ ಬರುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚುತ್ತದೆ. ಸದ್ದಾದ ಕೂಡಲೇ ಅಲ್ಲ. ಆ ಹೊತ್ತಿನಲ್ಲಿ ಪುರ್ಕಿಂಜೆ ಕೋಶವನ್ನು ಅಳೆದು ನೋಡಿದರೆ, ಅದು ತೆಪ್ಪಗಾಗಿರುತ್ತದೆ. (ಕಲಿಕೆ ಇದೊಂದೇ ಜಾಗದಲ್ಲಿ ನಡೆಯುವುದಿಲ್ಲ. ಕಿರುಮೆದುಳಿನ ಒಳಗಿನ ನರಕೋಶದ ಗಂಟುಗಳಲ್ಲೂ ನಡೆಯುತ್ತದೆ.)

1996ರಲ್ಲಿ ಅಮೆರಿಕದ ನರವಿಜ್ಞಾನಿ ಟಾಮ್ ಥ್ಯಾಚ್ ತಂಡ ಜನರಿಗೆ ನೋಟವನ್ನು ಪಕ್ಕಕ್ಕೆ ಸರಿಸುವ ಪಟ್ಟಕದ ಕನ್ನಡಕ ತೊಡಿಸಿ, ಗುರಿಗೆ ಮಣ್ಣಿನ ಉಂಡೆ ಎಸೆಯಲು ಹೇಳಿತು. ಮೊದಲು ಗುರಿ ತಪ್ಪಿತು, ಎಸೆದಂತೆಲ್ಲ ಸರಿಹೋಯಿತು. ಕನ್ನಡಕ ತೆಗೆದರೆ ಈಗ ವಿರುದ್ಧ ದಿಕ್ಕಿಗೆ ತಪ್ಪಿತು! ಕಿರುಮೆದುಳಿಗೆ ಪೆಟ್ಟಾದ ಹಲವರಲ್ಲಿ ಎಸೆತ ಸರಿಹೋಗಲೂ ಇಲ್ಲ, ಕನ್ನಡಕ ತೆಗೆದಾಗ ವಿರುದ್ಧ ದಿಕ್ಕಿಗೆ ತಪ್ಪಲೂ ಇಲ್ಲ. ಇನ್ನೊಂದು ಸಂಗತಿ. ಭುಜದ ಮೇಲಿಂದ ಎಸೆದು ಕಲಿತ ಆರೋಗ್ಯವಂತರಿಗೆ ಕೆಳಗಿನಿಂದ ಬೀಸಿ ಎಸೆಯಲು ಹೇಳಿದರು. ಅದೇ ತೋಳು. ಹೆಚ್ಚಿನವರಿಗೆ ಆ ಕಲಿಕೆ ಅಲ್ಲಿ ಕೆಲಸಕ್ಕೆ ಬರಲಿಲ್ಲ.