ಕೊಂಬೆ ಬೇರೆ, ಹಾಸಿಗೆ ಬೇರೆ

ಫ್ಲಾರಿಡಾದಲ್ಲಿ ಹರಿಕೇನ್ (ಚಂಡಮಾರುತ) ದಾಟಿದ ವಾರದಲ್ಲಿ, ಬೀದಿ ಬದಿಯ ಕಸದ ರಾಶಿ ಒಯ್ಯುವ ಲಾರಿಗಳ ಬಗ್ಗೆ ನಮ್ಮ ಕನ್ನಡದವರಿಂದ ಒಂದೇ ದೂರು ಬರುತ್ತದೆ. “ಪಕ್ಕದ ಮನೆ ರಾಶಿ ಎತ್ತಿದ್ರು, ನಮ್ದು ಬಿಟ್ಟು ಹೋದ್ರು.” ಹೋಗಿ ನೋಡಿದರೆ ಓಕ್ ಕೊಂಬೆಯ ಕೆಳಗೆ ಒದ್ದೆ ಹಾಸಿಗೆ, ಹಾಸಿಗೆಯ ಕೆಳಗೆ ಅರ್ಧ ಪೇಂಟ್ ಇರುವ ಡಬ್ಬಿ. ಇಂಥ ರಾಶಿಗೆ ಲಾರಿಯವರು ಕೈ ಹಾಕುವುದು ಕಷ್ಟ.

ಲಾರಿಗಳ ಲೋಡ್ ಲೆಕ್ಕ ಹಾಕುವುದು ನನ್ನ ಕೆಲಸ. ಪ್ರತಿ ವರ್ಷ ಹೇಳುತ್ತೇನೆ, ಮತ್ತೆ ಹೇಳುತ್ತೇನೆ: ಬೆರೆಸಬೇಡಿ.

ಯಾಕೆ ಅಂದರೆ, ಒಂದೊಂದು ರಾಶಿ ಹೋಗುವ ಜಾಗವೇ ಬೇರೆ. ಕೊಂಬೆ, ಎಲೆ ತುಂಬಿದ ಲಾರಿ ದೊಡ್ಡ ಬಯಲಿಗೆ ಹೋಗುತ್ತದೆ. ಅಲ್ಲಿ ಅದನ್ನು ಯಂತ್ರಕ್ಕೆ ಕೊಟ್ಟು ಚೂರು ಮಾಡುತ್ತಾರೆ, ಇಲ್ಲವೇ ಸುಡುತ್ತಾರೆ. ನಡುವೆ ಹಾಸಿಗೆಯ ಸ್ಪ್ರಿಂಗ್ ಸಿಕ್ಕಿದರೆ ಯಂತ್ರವೇ ನಿಲ್ಲುತ್ತದೆ. ನೆಂದ ಡ್ರೈವಾಲ್ (ಗೋಡೆಯ ಜಿಪ್ಸಮ್ ಹಲಗೆ), ಕಾರ್ಪೆಟ್, ಸೋಫಾ ಲ್ಯಾಂಡ್‌ಫಿಲ್‌ಗೆ, ಅಂದರೆ ಕಸ ಹೂಳುವ ಜಾಗಕ್ಕೆ. ಫ್ರಿಜ್ ಆದರೆ ಅದರ ಗ್ಯಾಸನ್ನು ಮೊದಲು ತಿಳಿದವರೇ ತೆಗೆಯಬೇಕು. ಪೇಂಟ್, ಬ್ಯಾಟರಿ, ಕೀಟನಾಶಕಕ್ಕೆ ಮತ್ತೊಂದು ದಾರಿ.

ಇನ್ನು ದುಡ್ಡಿನ ವಿಷಯ. ಪ್ರತಿ ಲಾರಿಗೂ ಎಷ್ಟು ಕ್ಯೂಬಿಕ್ ಯಾರ್ಡ್ (ಘನ ಗಜ) ಹಿಡಿಯುತ್ತದೆ ಅಂತ ಮೊದಲೇ ಅಳೆದು ಬರೆದಿರುತ್ತದೆ. ನಾವು ಅಟ್ಟಣೆ ಮೇಲೆ ನಿಂತು ಒಳಗೆ ಇಣುಕಿ, ಎಷ್ಟು ಪಾಲು ತುಂಬಿದೆ, ಯಾವ ಬಗೆಯದು ಅಂತ ಚೀಟಿ ಬರೆಯುತ್ತೇವೆ. ಆ ಚೀಟಿ ತೋರಿಸಿಯೇ ಕೌಂಟಿ (ಇಲ್ಲಿನ ಸ್ಥಳೀಯ ಆಡಳಿತ) ಫೆಮಾ ಹತ್ತಿರ, ಅಂದರೆ ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆಯ ಹತ್ತಿರ, ಖರ್ಚು ಕೇಳಬೇಕು. ಅರ್ಧ ಕೊಂಬೆ, ಅರ್ಧ ಸೋಫಾ ಇದ್ದರೆ ಏನಂತ ಬರೆಯಲಿ?

ಕಪ್ಪು ಚೀಲವೂ ಹಾಗೇ. ಎಲೆಯನ್ನೆಲ್ಲ ಅಚ್ಚುಕಟ್ಟಾಗಿ ಚೀಲಕ್ಕೆ ತುಂಬಿ ಕಟ್ಟುತ್ತಾರೆ, ಪಾಪ. ಒಳಗೇನಿದೆ ಅಂತ ಹೊರಗೆ ಕಾಣುವುದಿಲ್ಲ. ಹೆಚ್ಚಿನ ಕಡೆ ಬಿಡಿಯಾಗಿಯೇ ಹಾಕಲು ಹೇಳುತ್ತಾರೆ. ಆದರೆ ನಿಯಮ ಊರಿಂದೂರಿಗೆ ಬದಲಾಗುತ್ತದೆ, ನಿಮ್ಮ ಕೌಂಟಿ ಹೇಳಿದ್ದೇ ಕೊನೆಯ ಮಾತು. ಗೇಟ್ ಇರುವ ಬಡಾವಣೆಯಾದರೆ ರಸ್ತೆ ಖಾಸಗಿ, ಲಾರಿ ಒಳಗೆ ಬರಲು ಅನುಮತಿ ಬೇಕಾಗಬಹುದು. ಇದನ್ನು ಈಗಲೇ ವಿಚಾರಿಸಿಡಿ.

2024ರ ಸೆಪ್ಟೆಂಬರ್ 26ರಂದು ಹೆಲೀನ್ ಹರಿಕೇನ್ ದಡ ಸೇರಿದ್ದು ಉತ್ತರ ಫ್ಲಾರಿಡಾದ ಬಿಗ್ ಬೆಂಡ್ ಕರಾವಳಿಯಲ್ಲಿ. ಆದರೂ ದಕ್ಷಿಣಕ್ಕೆ ದೂರದಲ್ಲಿರುವ ಟ್ಯಾಂಪಾ ಬೇ ಸುತ್ತ ಕಡಲ ನೀರು ಮನೆಗಳಿಗೆ ನುಗ್ಗಿತು. ಬೀದಿ ಬೀದಿಯಲ್ಲಿ ನೆಂದ ಸಾಮಾನಿನ ಗುಡ್ಡೆ. ಅದು ಕರಗುವ ಮೊದಲೇ, ಅಕ್ಟೋಬರ್ 9ರ ರಾತ್ರಿ ಟ್ಯಾಂಪಾ ಬೇಗೆ ದಕ್ಷಿಣದ ಸಿಯೆಸ್ಟಾ ಕೀ ದ್ವೀಪಕ್ಕೆ ಮಿಲ್ಟನ್ ಹರಿಕೇನ್ ಬಡಿಯಿತು. ನಡುವೆ ಸಿಕ್ಕಿದ್ದು 13 ದಿನ. ಬೀದಿಯಲ್ಲಿ ಉಳಿದ ಹಲಗೆ, ತಗಡು ಗಾಳಿಗೆ ಹಾರಿ ಯಾರ ಕಿಟಕಿಗೆ ಬಡಿಯುತ್ತೋ ಅನ್ನುವ ಭಯ ಎಲ್ಲರಿಗೂ ಇತ್ತು. ಬೆರೆತ ರಾಶಿ ಬಿಡಿಸುತ್ತಾ ಕೂರಲು ಆಗ ಯಾರಿಗೆ ಸಮಯವಿತ್ತು?

ಆ ದಿನಗಳಲ್ಲಿ ಒಂದು ಮನೆಗೆ ಹೋಗಿದ್ದೆ. ಗಂಡ, ಹೆಂಡತಿ ಇಬ್ಬರೂ ದಣಿದು ಕೂತಿದ್ದರು. ಊರಿಂದ ಬಂದಿದ್ದ ಅಜ್ಜಿ ಮಾತ್ರ ಅಂಗಳದಲ್ಲಿ ಬಿದ್ದ ಪಾಮ್ ಗರಿಗಳನ್ನು ಬುಡ ಒಂದೇ ಕಡೆ ಬರುವಂತೆ ಜೋಡಿಸುತ್ತಿದ್ದರು. ಒಂದು ಗರಿ ಸೀಳಿ ನೋಡಿ, “ಕಡ್ಡಿ ಗಟ್ಟಿ ಇಲ್ಲ, ಪೊರಕೆಗೆ ಬರಲ್ಲ” ಅಂದರು. ಒದ್ದೆ ಚಾಪೆ, ಕುರ್ಚಿ ಆಗಲೇ ಬೇರೆ ರಾಶಿಗೆ ಸೇರಿದ್ದವು. ಫ್ರಿಜ್‌ನಲ್ಲಿದ್ದ ಹುಳಿದ ದೋಸೆಹಿಟ್ಟು ಚೆಲ್ಲಿ, ಬಾಗಿಲಿಗೆ ಟೇಪ್ ಸುತ್ತಿಸಿದ್ದರು. ನಾನು ಹೇಳಿದ್ದು ಎರಡೇ ಮಾತು. ವಿಮೆಗೆ ಎಲ್ಲದರ ಫೋಟೊ ತೆಗೆಯಿರಿ. ರಾಶಿಯನ್ನು ನೀರಿನ ಮೀಟರ್‌ನಿಂದ ಆಚೆ ಸರಿಸಿ, ಮೇಲೆ ವೈರ್ ಇಲ್ಲದ ಕಡೆ ಹಾಕಿ, ಲಾರಿಯ ಉಕ್ಕಿನ ಕೈ ಅಲ್ಲಿಗೆ ಇಳಿಯಬೇಕು.